ಅಜ್ಜಿಯ ಮನೆಯ ಕೋವಿ

ಹಿತ್ತಾಳೆಯ ದೀಪವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಹೊಸದರಂತೆ ಹೊಳೆಯುವುದೆಂಬುದು ನಮ್ಮ ಮನೆಗಳಲ್ಲಿ ಮಕ್ಕಳೂ ಬಲ್ಲ ಸಂಗತಿ. ಈ ಜ್ಞಾನವೇ ಕಳೆದ ವರ್ಷ ಅಮೆರಿಕದ ಮೊಂಟಾನಾ ಸಂಸ್ಥಾನದಲ್ಲಿ ನನ್ನ ಸೋದರಳಿಯನನ್ನು ಪೇಚಿಗೆ ಸಿಕ್ಕಿಸುವುದರಲ್ಲಿತ್ತು.

ಅವನು ಬಿಲ್ಲಿಂಗ್ಸ್ ಪಟ್ಟಣದಲ್ಲಿ ವೈದ್ಯ. ಹೆಂಡತಿ ಆ ಸೀಮೆಯವಳು. ನಾನು ಅಲ್ಲಿಗೆ ಹೋಗಿದ್ದಾಗ ಅವಳ ಅಜ್ಜಿಗೆ, ತೀರಿಹೋದ ಅಣ್ಣನ ಆಸ್ತಿಯ ಪಾಲಾಗಿ, ಹಳೆಯ ವಿಂಚೆಸ್ಟರ್ ಕೋವಿಯೊಂದು ಬಂದಿತ್ತು. ಬೆರಳು ತೂರಿಸುವ ಬಳೆಯಂತಹ ಲಿವರನ್ನು ಕೆಳಕ್ಕೆ ಎಳೆದು ಮತ್ತೆ ಮೇಲಕ್ಕೆ ತಂದರೆ ಸುಟ್ಟ ತೋಟಾ ಹೊರಕ್ಕೆ ಹಾರಿ ಹೊಸದು ಒಳಗೆ ಕೂರುವಂತಹ ಕೋವಿ. ಕೌಬಾಯ್ ಚಿತ್ರಗಳನ್ನು ನೋಡಿದವರಿಗೆ ಇದಕ್ಕಿಂತ ಹೆಚ್ಚಿನ ವರ್ಣನೆ ಬೇಕಾಗಿಲ್ಲ. 1880ರ ದಶಕದಲ್ಲಿ ತನ್ನ ತಾತ ಟೆಕ್ಸಾಸಿನಿಂದ ದನದ ಮಂದೆ ಹೊಡೆದುಕೊಂಡು ಬಂದಾಗ ಇದೇ ಕೋವಿ ಅವನ ಕುದುರೆಯ ಜೀನಿನಲ್ಲಿ ತೂಗುತ್ತಿತ್ತೆಂದು, ತೊಂಬತ್ತು ದಾಟಿದ ಆ ಅಜ್ಜಿ ನನಗೆ ಹೇಳಿದರು. ದೊಡ್ಡ ಬೆಲೆ ಬಂದೀತು, ಮಾರಿ ಮೊಮ್ಮಕ್ಕಳಿಗೆ ಹಂಚಿಬಿಡುವುದೆಂದು ಅವರ ಎಣಿಕೆ.

ತೋಟಾ ಇಲ್ಲವೆಂದು ಖಾತ್ರಿಮಾಡಿಕೊಂಡು ಅಳಿಯನು, "ಮಾವ, ವ್ಯಾಪಾರಿ ಬರುವುದರೊಳಗೆ ಇದನ್ನು ಫಳಫಳ ಮಾಡಿಬಿಡೋಣ" ಎಂದು ಪಾಲಿಷು, ಬಟ್ಟೆ ತಂದನು. ಪುಣ್ಯಕ್ಕೆ ವ್ಯಾಪಾರಿ ಹೇಳಿದ ವೇಳೆಗೆ ಮೊದಲೇ ಬಂದರು. ಬಾಗಿಲಲ್ಲೇ ನಿಂತು, "ಮುಟ್ಟಬೇಡಿ!" ಎಂದು ಕೂಗಿದರು. ಉಕ್ಕಿಗೆ ಕಾರ್ಖಾನೆ ಕೊಟ್ಟ ನೀಲಿಗಪ್ಪು ಬಣ್ಣ ಎಷ್ಟು ಉಳಿದಿದೆಯೆಂಬುದರ ಮೇಲೆಯೇ ಇಂತಹ ಕೋವಿಯ ಬೆಲೆ ನಿಂತಿರುತ್ತದೆಯಂತೆ. ತಿಕ್ಕಿ ಹೊಳಪೇರಿಸಿದರೆ, ಹೊಸ ಬಣ್ಣ ಹಾಕಿಸಿದರೆ, ದುರ್ಬೀನು ಕೂರಿಸಲು ತೂತು ಕೊರೆಸಿದರೆ, ಮರದ ಹಿಡಿಯನ್ನು ಮೋಟು ಮಾಡಿದರೆ ಸಂಗ್ರಾಹಕರು ಮುಖ ತಿರುಗಿಸುತ್ತಾರೆ. ತೆಳ್ಳಗೆ ಎಣ್ಣೆ ಸವರಿ ಇಟ್ಟರೆ ಸಾಕು. ಹುಣಸೆಹಣ್ಣಿನ ಸಂಸ್ಕೃತಿಯವರಾದ ನಾವಿಬ್ಬರೂ ತೆಪ್ಪಗಾದೆವು.

ಇನ್ನು ವಯಸ್ಸಿನ ವಿಚಾರ. ಕೋವಿಯ ಮೇಲೆ 1894ರ ಆಗಸ್ಟ್ 21 ಎಂಬ ತಾರೀಖು ಅಚ್ಚಾಗಿತ್ತು. ಹೊಸಬರು ಮೋಸಹೋಗುವುದು ಇಲ್ಲಿಯೇ. ಅದು ಕೋವಿ ಹುಟ್ಟಿದ ದಿನವಲ್ಲ, ಪೇಟೆಂಟು ದೊರೆತ ದಿನ. ಜಾನ್ ಬ್ರೌನಿಂಗ್ ಎಂಬ ಮೇಧಾವಿ ರೂಪಿಸಿದ ಈ 1894ರ ಮಾದರಿಯನ್ನು ಕನೆಕ್ಟಿಕಟ್ಟಿನ ನ್ಯೂ ಹೇವನ್ ಕಾರ್ಖಾನೆಯಲ್ಲಿ ದಶಕಗಳ ಕಾಲ ತಯಾರಿಸಿದರು. 1873ರ ಮಾದರಿಯಾಗಿದ್ದರೆ ಅಜ್ಜಿಯ ಕಥೆಗೆ ಎಡೆಯಿತ್ತು. 1894ರ ಕೋವಿ 1880ರ ದಶಕದ ಮಂದೆಯ ಹಿಂದೆ ಹೋದುದಾದರೂ ಹೇಗೆ? ಅಳಿಯನೂ ನಾನೂ ಮುಖ ಮುಖ ನೋಡಿಕೊಂಡೆವು.

ನಿಜವಾದ ಜಾತಕವಿರುವುದು ಕ್ರಮಸಂಖ್ಯೆಯಲ್ಲಿ. ಅಡಿಭಾಗದಲ್ಲಿ ಕೆತ್ತಿದ್ದ ಆ ಸಂಖ್ಯೆ ಒಂಬತ್ತೂವರೆ ಲಕ್ಷವನ್ನು ತುಸು ಮೀರಿತ್ತು. ಈ ಮಾದರಿಯ ಹತ್ತು ಲಕ್ಷನೆಯ ಕೋವಿಯನ್ನು 1927ರಲ್ಲಿ ಅಧ್ಯಕ್ಷ ಕೂಲಿಜ್ ಅವರಿಗೆ ಅರ್ಪಿಸಿದ್ದರು. ನಮ್ಮದು ಅದಕ್ಕಿಂತ ಕೆಲವೇ ವರ್ಷ ಹಿರಿಯದು. ವಯೋಮಿಂಗಿನ ಕೋಡಿ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ ಕಾರ್ಖಾನೆಯ ಹಳೆಯ ದಫ್ತರಗಳಿವೆ. ಶುಲ್ಕ ತೆತ್ತರೆ, ಕೋವಿ ಯಾವ ದಿನ ಉಗ್ರಾಣದಿಂದ ಹೊರಟಿತೆಂದು ಬರೆದುಕೊಡುತ್ತಾರೆ. ಆದರೆ ಈ ಮಾದರಿಯ ಲೆಕ್ಕ ಮೂರೂವರೆ ಲಕ್ಷದ ಸುಮಾರಿಗೆ ನಿಂತುಹೋಗಿದೆ. 1899ಕ್ಕೆ ಮುಂಚಿನ ಕೋವಿಗಳಿಗೆ ಅಲ್ಲಿಯ ಕೇಂದ್ರ ಕಾನೂನು ಕೊಡುವ ಪುರಾತನ ವಸ್ತುವಿನ ಪಟ್ಟವೂ ಇದಕ್ಕಿಲ್ಲ. ಒಂದೇ ಸಮಾಧಾನ: 1964ರಲ್ಲಿ ಖರ್ಚು ತಗ್ಗಿಸಲೆಂದು ಕಂಪನಿಯವರು ತಯಾರಿಕೆಯ ಕ್ರಮವನ್ನು ಬದಲಿಸಿದರು, ಅದಕ್ಕೆ ಹಿಂದಿನವನ್ನು ಸಂಗ್ರಾಹಕರು ಇಂದಿಗೂ ಹೆಚ್ಚು ಮೆಚ್ಚುತ್ತಾರೆ. ಆದರೇನು, ಒಟ್ಟು ಎಪ್ಪತ್ತು ಲಕ್ಷಕ್ಕೂ ಮಿಗಿಲಾಗಿ ತಯಾರಾದ ಮಾದರಿಗೆ ಅಪರೂಪವೆಂಬ ಹೆಸರೆಲ್ಲಿ ಬರಬೇಕು? ನಮ್ಮಲ್ಲಿ ಒಂದು ಸ್ಕೂಟರಿಗೆ ತೆರುವಷ್ಟು ಹಣವನ್ನು ವ್ಯಾಪಾರಿ ಹೇಳಿದರು. ಹಿಡಿಯ ಮೇಲೆ ಆಳವಾದ ಗೀರೊಂದಿದೆ, ಅದಕ್ಕಾಗಿ ಇನ್ನಷ್ಟು ಕಳೆಯಬೇಕೆಂದರು.

ಅಜ್ಜಿಗೆ ಇದನ್ನೆಲ್ಲ ಹೇಳುವವರು ಯಾರು? ಕೊನೆಗೆ ಮೊಮ್ಮಗಳೇ ಪಕ್ಕದಲ್ಲಿ ಕುಳಿತು ಮೆಲ್ಲಗೆ ಹೇಳಿದಳು. ಮುದುಕಿ ಬಹಳ ಹೊತ್ತು ಮಾತನಾಡಲಿಲ್ಲ. ತಾತನನ್ನು ಅವರಿಂದ ಕಿತ್ತುಕೊಂಡೆವೋ ಎಂದು ನನಗೆ ಸಂಕಟವಾಯಿತು.

"ಯಾವ ಗೀರು?" ಎಂದರು ತಟಕ್ಕನೆ. ಕೋವಿಯನ್ನು ಮಡಿಲಿಗೆ ತರಿಸಿಕೊಂಡು ಹಿಡಿಯ ಮೇಲೆ ಬೆರಳಾಡಿಸಿದರು.

"ಇದು ಮುಳ್ಳುತಂತಿಯ ಬೇಲಿಯದು. ಅಪ್ಪ ಹಿಮದಲ್ಲಿ ಬೇಲಿ ದಾಟುವಾಗ ಜಾರಿದ. ನಾನಾಗ ಶಾಲೆಗೆ ಹೊಸದಾಗಿ ಸೇರಿದ್ದೆ. ಮನೆಯಲ್ಲಿ ಕಾಸಿರಲಿಲ್ಲ, ಆ ಚಳಿಗಾಲವೆಲ್ಲ ಅಪ್ಪ ಹೊಡೆದು ತಂದ ಜಿಂಕೆಯ ಮಾಂಸವೇ ನಮಗೆ ಊಟ. ಹಾಗಾದರೆ ಇದು ತಾತನದಲ್ಲ, ಅಪ್ಪನದು!"

ಆಮೇಲೆ ವ್ಯಾಪಾರಿಯ ಕಡೆಗೆ ತಿರುಗಿ, ಈ ಗೀರಿಗೆ ಎಷ್ಟು ಕಳೆಯುತ್ತೀರೆಂದು ಕೇಳಿದರು. ಆತನು ಮೊತ್ತವನ್ನು ಹೇಳಿದನು. ಅಜ್ಜಿ ನಕ್ಕುಬಿಟ್ಟು, ಅವನಿಗೆ ಒಂದು ಬಟ್ಟಲು ಕಾಫಿ ತಂದುಕೊಡುವಂತೆ ಮೊಮ್ಮಗಳಿಗೆ ಹೇಳಿದರು. ಕೋವಿಯನ್ನು ಮಾತ್ರ ಮಡಿಲಿನಿಂದ ಇಳಿಸಲಿಲ್ಲ.