ಡಿಕ್ಕಿಯಾಗಿನ ಧೂಳು

ಹೋದ ಬ್ಯಾಸಿಗಿಯಾಗ ಒಂದು ಮದುವಿ ಜಂಪರ್ ಕೆಡಿಸಿಕೊಂಡೆ. ಕೆನೆಬಣ್ಣದ ರೇಷ್ಮಿ, ತೋಳಿಗೆ ಜರಿ ಅಂಚು, ಎರಡು ರಾತ್ರಿ ಕೂತು ಹೊಲಿದಿದ್ದು. ಕಾನಹೊಸಹಳ್ಳಿಯಿಂದ ಉಜ್ಜಿನಿ ಕಡೆ ಒಂದು ಹಳ್ಳಿಗೆ ಮುಟ್ಟಿಸಬೇಕಿತ್ತು. ಪೇಪರ್ ಸುತ್ತಿ ಕರೆಂಟ್ ಗಾಡಿ ಡಿಕ್ಕಿಯಾಗ ಇಟ್ಟುಕೊಂಡು ಹೋದೆ. ಅಲ್ಲಿ ಸೀಟು ಎತ್ತಿದರ ಪೇಪರ್ ಮ್ಯಾಲೆ ಕೆಮ್ಮಣ್ಣು ಜರಡಿ ಹಿಡಿದಂಗ ಕೂತೈತಿ. ಬಿಚ್ಚಿದರ ಜಂಪರಿನ ಮಡಿಕಿಯಾಗೂ ಕೆಂಪು ಗೆರೆ. ಮದುಮಗಳ ತಾಯಿ ಬೈಲಿಲ್ಲ. "ಇರ್ಲಿ ಬಿಡವ್ವ, ಒಗದರ ಹೋಗ್ತೈತಿ" ಅಂದಳು. ಅದು ಒಗಿಯೋ ರೇಷ್ಮಿ ಅಲ್ಲ ಅಂತ ಆಕಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹೊಲಿಗಿ ರೊಕ್ಕ ತಗೊಳ್ಳದೆ ವಾಪಸ್ ಬಂದೆ.

ಕರೆಂಟ್ ಗಾಡಿ ತಗೊಂಡಿದ್ದೇ ಆ ಡಿಕ್ಕಿ ನೋಡಿ. ಪೆಟ್ರೋಲ್ ಸ್ಕೂಟರಿನಾಗ ಸೀಟಿನ ಕೆಳಗ ಇಂಜಿನ್ನು, ಬೆಣ್ಣಿ ಇಟ್ಟರ ಊರು ಮುಟ್ಟೋದ್ರಾಗ ತುಪ್ಪ. ಕರೆಂಟ್ ಗಾಡಿಗೆ ಇಂಜಿನ್ ಇಲ್ಲ. ಎಷ್ಟೋ ಗಾಡಿಯಾಗ ಬ್ಯಾಟರಿನೂ ಕಾಲಿಡೋ ಹಲಗಿ ಕೆಳಗ ಹೋಗೈತಿ. ಉಳಿದ ಜಾಗ ಡಿಕ್ಕಿಗೆ. ಅದಕ್ಕ ಕಂಪನಿಯವರು ಲೀಟರ್ ಲೆಕ್ಕದಾಗ ಪೈಪೋಟಿಗೆ ಬಿದ್ದಾರ: ಐಕ್ಯೂಬ್‌ಗೆ 32 ಲೀಟರ್, ರಿಜ್ಟಾಕ್ಕ 34, 2024ರ ಕೊನೆಗೆ ಬಂದ ಚೇತಕ್‌ಗೆ 35. (ನಮ್ಮದು ಯಾವುದು ಅಂತ ಕೇಳಬ್ಯಾಡ್ರಿ, ಹೇಳಂಗಿಲ್ಲ.) ಜಾಗ ಬೇಕು, ಒಪ್ಪಿದೆ. ಆದರ ನಮ್ಮ ಕಡೆ ಹೆಣ್ಣುಮಕ್ಕಳು ಡಿಕ್ಕಿಯಾಗ ಹೆಲ್ಮೆಟ್ ಒಂದೇ ಇಡ್ತಾರೇನು? ಪಹಣಿ, ಪಾಸ್‌ಬುಕ್, ಗಿರಣಿ ಹಿಟ್ಟು, ಅತ್ತಿ ಗುಳಿಗಿ, ನನ್ನಂಥಾಕಿ ಹೊಲಿದ ಅರಿಬಿ, ಎಲ್ಲಾ ಅದ್ರಾಗೇ. ಮೂವತ್ತು ಲೀಟರ್ ಜಾಗ ಕೊಟ್ಟು ಅದ್ರಾಗ ಮೂರು ಹಿಡಿ ಧೂಳು ಬಿಟ್ಟರ ಅದನ್ನ ಜಾಗ ಅಂತ ನಾನು ಲೆಕ್ಕಕ್ಕ ಹಿಡಿಯಂಗಿಲ್ಲ.

ಮಾರಾವ್ರನ್ನ ಕೇಳಿದೆ. "ಅಕ್ಕಾ, ಐಪಿ 67 ಐತಿ, ನೀರಾಗ ಮುಳುಗಿಸಿದ್ರೂ ಏನಾಗಲ್ಲ" ಅಂದ್ರು. ಈ ಮಾತಿಗೆ ಮೋಸ ಹೋಗಬ್ಯಾಡ್ರಿ. 6 ಅಂದ್ರ ಧೂಳು ಒಳಗ ಹೋಗಂಗಿಲ್ಲ, 7 ಅಂದ್ರ ಒಂದು ಮೀಟರ್ ನೀರಾಗ ಅರ್ಧ ತಾಸು ಇಟ್ಟರೂ ತಡಿತೈತಿ. ನಿಜ. ಆದರ ಆ ನಂಬರು ಬ್ಯಾಟರಿ ಪೆಟ್ಟಿಗಿದು, ಮೋಟರಿಂದು. ಡಿಕ್ಕಿದಲ್ಲ. ತಮ್ಮ ಸಾಮಾನಿಗೆ ಅಷ್ಟು ಕಟ್ಟುನಿಟ್ಟು, ನಮ್ಮ ಸಾಮಾನಿಗೆ ಒಂದು ಸುತ್ತು ರಬ್ಬರ್ ಇಲ್ಲ.

ಹಂಗಾರ ಧೂಳು ಎಲ್ಲಿಂದ ಬರತೈತಿ? ಮೊದಲು ನಾನು ಮ್ಯಾಲಿಂದ ಅಂದುಕೊಂಡಿದ್ದೆ. ಅಲ್ಲ. ಹಿಂದಿನ ಗಾಲಿ ಮಣ್ಣು ಎಬ್ಬಿಸತೈತಿ, ಗುಂಡಿ ದಾರಿಯಾಗ ಸೀಟು ಎಗರಿ ಎಗರಿ ಕೂಡ್ತೈತಿ, ಕಮ್ಮಾರನ ತಿದಿ ಒತ್ತಿದಂಗ ಸಂದಿನಾಗ ಗಾಳಿ ಒಳಗ ಹೊರಗ ಆಡತೈತಿ. ಗಾಳಿ ಜೋಡಿ ಧೂಳು. ಸಂದಿ ಹುಡುಕಾಕ ಸುಲಭ ಉಪಾಯ: ರಾತ್ರಿ ಲೈಟ್ ಆರಿಸಿ, ಮೊಬೈಲಿನ ಬ್ಯಾಟರಿ ಹಚ್ಚಿ ಡಿಕ್ಕಿಯಾಗಿಟ್ಟು ಸೀಟು ಹಾಕ್ರಿ. ಬೆಳಕು ಎಲ್ಲಿ ಇಣುಕತೈತೋ ಅಲ್ಲಿ ಧೂಳಿಗೂ ದಾರಿ. ನಮ್ಮ ಗಾಡಿಯಾಗ ಬೀಗದ ಹತ್ರ, ಕೀಲಿನ ಎರಡೂ ಕಡೆ, ವೈರ್ ಹೊಕ್ಕೋ ತೂತಿನಾಗ ದೀಪಾವಳಿ ಆಗಿತ್ತು.

ಫ್ಯಾಬ್ರಿಕೇಷನ್ ಅಂಗಡಿಯಾಗ ಬಾಗಿಲಿಗೆ ಹಚ್ಚೋ ರಬ್ಬರ್ ಬೀಡಿಂಗ್ ಸಿಗತೈತಿ, ಬೆನ್ನಿಗೆ ಅಂಟು ಇರೋದು. ಸ್ಪಂಜಿಂದು ಬ್ಯಾಡ, ಅದು ನೀರು ಕುಡಿದು ಕೂಡ್ತೈತಿ. ಇಪಿಡಿಎಂ ರಬ್ಬರ್ ಅಂತ ಕೇಳ್ರಿ, ಬಿಸಿಲು ತಡಿತೈತಿ. ನಾನು ದಪ್ಪ ಇದ್ದಷ್ಟು ಚಲೋ ಅಂತ ದಪ್ಪಂದೇ ತಂದು ಹಚ್ಚಿದೆ. ಸೀಟು ಮುಚ್ಚಲೇ ಇಲ್ಲ. ನಮ್ಮ ಮನಿಯವ್ರು ಮ್ಯಾಲೆ ಕೂತು ಒತ್ತಿದರು, ಕೊಂಡಿ ಸೊಟ್ಟಾತು. ಅದನ್ನ ಕಿತ್ತು ತೆಳ್ಳಂದು ತಂದೆ. ಎರಡನೇ ಸಲ ಹೊಲಿಗಿ ಬುದ್ಧಿ ಓಡಿಸಿದೆ: ಜಂಪರಿನ ಕುತ್ತಿಗಿಗೆ ಪೈಪಿಂಗ್ ಕೂಡಿಸುವಾಗ ಎಳದು ಹಚ್ಚಿದರ ಸುರುಟತೈತಿ. ರಬ್ಬರೂ ಹಂಗೇ. ಎಳಿಯದೆ, ಮೂಲ್ಯಾಗ ಕತ್ತರಿಸದೆ ಬಾಗಿಸಿ, ಒಂದೇ ತುಂಡು ಹಾಕಬೇಕು. ಅಂಚು ಮೊದಲು ಒರಸಿ ಒಣಗಿಸಬೇಕು, ಧೂಳಿನ ಮ್ಯಾಲೆ ಯಾವ ಅಂಟೂ ನಿಲ್ಲಂಗಿಲ್ಲ. ಆಮೇಲೆ ಸುತ್ತಲೂ ಒಂದೊಂದು ಕಡೆ ಪೇಪರ್ ಚೂರು ಸಿಗಿಸಿ ಸೀಟು ಹಾಕಿ ಎಳದು ನೋಡ್ರಿ. ಸಲೀಸಾಗಿ ಬಂದರ ಅಲ್ಲಿ ಇನ್ನೂ ಸಂದಿ ಐತಿ.

ಈಗ ನನ್ನ ಮನಿಯವ್ರಿಗೂ ನನಗೂ ಆದ ಜಗಳ. ಅವ್ರು ಸಿಲಿಕೋನ್ ಟ್ಯೂಬ್ ತಂದು, ಎಲ್ಲಾ ತೂತು ಮುಚ್ಚಿಬಿಡ್ತೀನಿ ಅಂತ ಕೂತ್ರು. ನಾನು ಬ್ಯಾಡ ಅಂದೆ. ತಳದಾಗ ನೀರು ಹೋಗಾಕ ಒಂದು ತೂತು ಇರತೈತಿ, ಅದನ್ನ ಮುಚ್ಚಿದರ ಒಳಗ ಸೇರಿದ ನೀರು ಅಲ್ಲೇ. ಫ್ಯೂಸ್ ಮುಚ್ಚಳಕ್ಕ, ಚಾರ್ಜರ್ ಗಾಳಿಕಿಂಡಿಗೆ ಗೋಂದು ಬಳದರ ನಾಳೆ ರಿಪೇರಿಗೆ ಉಳಿ ತಗೊಂಡೇ ಬರಬೇಕು, ವಾರಂಟಿ ಕೇಳಾಕ ಬಾಯಿ ಇರಂಗಿಲ್ಲ.

ನನಗ ನೆನಪಾಗಿದ್ದು ನಮ್ಮಜ್ಜಿ ಹೇಳತಿದ್ದ ಹಗೇವು. ನೆಲದಾಗ ಗುಂಡಿ ತೋಡಿ, ಸುತ್ತ ಹುಲ್ಲು ಇಟ್ಟು, ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಹಾಕಿ ಮಣ್ಣು ಮೆತ್ತತಿದ್ರು. ವರ್ಷಗಟ್ಟಲೆ ಕಾಳು ಕೆಡತಿರಲಿಲ್ಲ. ಆದರ ತುಂಬೋಕಿಂತ ಮೊದಲು ಕಾಳು ಗಣಗಣ ಒಣಗಿರಬೇಕು. ಹಸಿ ಇದ್ದಾಗ ಮುಚ್ಚಿದರ ಅಷ್ಟೂ ಮುಗ್ಗು. ಡಿಕ್ಕಿಗೂ ಅದೇ. ಮಳಿಯಾಗ ನೆಂದ ರೇನ್‌ಕೋಟ್ ಒಳಗ ತುರುಕಿ ಸೀಟು ಹಾಕಿದರ, ರಬ್ಬರ್ ಇದ್ದಷ್ಟೂ ಕೇಡು. ತ್ಯಾವ ಹೊರಗ ಹೋಗಂಗಿಲ್ಲ. ಅದಕ್ಕ ರೇನ್‌ಕೋಟ್ ಹೊರಗ ಕೊಕ್ಕಿಗೆ ಸಿಗಿಸತೀನಿ. ಮನಿಗೆ ಬಂದ ಕೂಡ್ಲೇ ಸೀಟು ಎತ್ತಿ ಅರ್ಧ ತಾಸು ಬಿಡತೀನಿ. ವಾಟರ್ ಸರ್ವಿಸ್‌ನವ್ರಿಗೆ ಸೀಟಿನ ಸಂದಿಗೆ ಪೈಪ್ ಹಿಡಿಬ್ಯಾಡ್ರಿ ಅಂತ ಎದುರಿಗೆ ನಿಂತು ಹೇಳತೀನಿ.

ಇಷ್ಟಾದ ಮ್ಯಾಲೂ ಸಿಟ್ಟು ಹೋಗಿಲ್ಲ. ನನಗ ಇನ್ನೂರು ರೂಪಾಯಿ ಒಳಗ ಮುಗದಿದ್ದು, ಲಕ್ಷದ ಗಾಡಿ ಮಾಡಾವ್ರಿಗೆ ಭಾರ ಆಗತೈತೇನು? ಗಾಡಿ ತೋರಿಸುವಾಗ ಸೀಟು ಎತ್ತಿ ಎರಡು ಹೆಲ್ಮೆಟ್ ಇಟ್ಟು ತೋರಸ್ತಾರ. ಒಂದು ಬಿಳೇ ಟವಲ್ ಇಟ್ಟು, ಹೈವೇ ಬಿಟ್ಟು ಯಾವುದರ ಹೊಲದ ದಾರಿಯಾಗ ಹತ್ತು ಕಿಲೋಮೀಟರ್ ಹೊಡದು ಬಂದು ತೋರಸ್ಲಿ. ನೀವೂ ತಗೊಳ್ಳೋಕಿಂತ ಮೊದಲು ಟವಲ್ ಒಯ್ರಿ, ನಾಚಿಕಿ ಬ್ಯಾಡ.

ಮೊನ್ನೆ ಆ ಮನಿಯಿಂದಲೇ ಫೋನ್ ಬಂತು. ಸಣ್ಣ ಮಗಳ ಮದುವಿ ಗೊತ್ತಾಗೈತಂತ, ಮೂರು ಜಂಪರ್ ನಾನೇ ಹೊಲಿಬೇಕಂತ. ಬಣ್ಣ ಯಾವುದು ಅಂದೆ. "ಈ ಸಲ ಕೆಂಪಂದೇ ತಂದೀವವ್ವ" ಅಂದಳು.