ಕುದಿಸಿದ್ರೆ ಎಲ್ಲ ಹೋಗುತ್ತಾ?

'ನೀರು ಕುದಿಸಿ, ಸೋಸಿ ಕುಡೀರಿ.' ನಮ್ಮಲ್ಲಿ ಎಲ್ಲ ಊರಿಗೂ ಇದೊಂದೇ ಉಪದೇಶ. ಕಾಲರಾ, ಟೈಫಾಯ್ಡ್ ತಡೆಯೋಕೆ ಅದು ಸರಿಯೇ. ಆದರೆ ಪಾವಗಡ, ಬಾಗೇಪಲ್ಲಿ ಕಡೆಯ ಫ್ಲೋರೈಡ್ ಬೋರ್‌ವೆಲ್ ನೀರಿಗೂ ಇದೇ ಮಂತ್ರ ಹೇಳಿದರೆ ಅದು ತಿಳಿಗೇಡಿತನ ಸ್ವಾಮಿ.

ಕಾರಣ ಹೈಸ್ಕೂಲು ಪಾಠದಲ್ಲೇ ಇದೆ. ಮಣ್ಣು ಕಲಸಿದ ನೀರನ್ನು ಹಾಗೇ ಬಿಟ್ಟರೆ ಮಣ್ಣು ತಳ ಸೇರುತ್ತೆ, ಬಟ್ಟೆಯಲ್ಲಿ ಸೋಸಲೂಬಹುದು. ತೀರಾ ಸಣ್ಣ ಜೇಡಿಕಣಗಳು ತಾವಾಗಿ ಕೂರಲ್ಲ. ಪಟಿಕ ಆಡಿಸಿದರೆ ಒಟ್ಟುಗೂಡಿ ಇಳಿಯುತ್ತವೆ. ಮೂರನೆಯದು ದ್ರಾವಣ, ಉಪ್ಪು ಕರಗಿದ ನೀರಿನಂತೆ. ಅದು ಕಣ್ಣಿಗೂ ಕಾಣಲ್ಲ, ಬಟ್ಟೆಗೂ ಸಿಗಲ್ಲ. ಬಂಡೆಯಿಂದ ಕರಗಿ ಅಂತರ್ಜಲ ಸೇರುವ ಫ್ಲೋರೈಡ್ ಈ ಜಾತಿಯದು. ಕುದಿಸಿದರೆ ಆವಿಯಾಗೋದು ನೀರು, ಫ್ಲೋರೈಡ್ ಅಲ್ಲ. ಎರಡು ಲೀಟರ್ ನೀರನ್ನು ಒಂದು ಲೀಟರಿಗೆ ಇಳಿಸಿದರೆ ಲೀಟರಿಗೆ ಫ್ಲೋರೈಡ್ ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತೆ!

ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂ ಫ್ಲೋರೈಡ್ ಇರಬಹುದು ಅನ್ನುತ್ತೆ ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲು ಕಂದುಗಟ್ಟುತ್ತೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಮೂಳೆ, ಕೀಲುಗಳೇ ಬಿಗಿಯುತ್ತವೆ. ಅಂಥ ಊರಿನ ಹುಡುಗ 'ಮಿಶ್ರಣದ ವಿಧಗಳನ್ನು ಬರೆಯಿರಿ' ಅನ್ನೋ ಪ್ರಶ್ನೆಗೆ ಪೂರ್ತಿ ಅಂಕ ತಗೊಂಡು, ಅದೇ ನೀರು ಕುಡಿದು ಮನೆಗೆ ಹೋಗ್ತಾನೆ. ನಿಮ್ಮೂರ ನೀರು ಇದರಲ್ಲಿ ಯಾವುದಪ್ಪಾ ಅಂತ ಯಾವ ಪ್ರಶ್ನೆಪತ್ರಿಕೆಯೂ ಕೇಳಲ್ಲ.

'ಆರ್‌ಒ ಘಟಕ ಹಾಕಿದೀವಲ್ಲ' ಅಂತೀರಿ. ಒಳ್ಳೇದೇ. ಅದರ ಪೊರೆ ಫ್ಲೋರೈಡಿನ ಬಹುಪಾಲನ್ನು ತಡೆಯುತ್ತೆ. ಆದರೆ ಬೇರ್ಪಡಿಸಿದ್ದು ಮಾಯವಾಗಲ್ಲ. ಘಟಕ ಹೊರಗೆ ಬಿಡೋ ನೀರಲ್ಲಿ ಅದು ಇನ್ನೂ ಸಾಂದ್ರವಾಗಿ ಇರುತ್ತೆ. ಹಿಂದಿನ ಚರಂಡಿಗೆ ಬಿಟ್ಟರೆ ಮತ್ತೆ ಅದೇ ನೆಲಕ್ಕೆ. ಪೊರೆ ಹಾಳಾದ ದಿನವೂ ನೀರು ತಿಳಿಯಾಗೇ ಬರುತ್ತೆ. ಕ್ಯಾನ್ ಹಿಡಿದು ನಿಂತವರಿಗೆ ಗೊತ್ತಾಗೋದು ಹೇಗೆ?

ಅದಕ್ಕೇ ಪ್ರತಿ ಘಟಕದ ಮುಂದೆ, ಶಾಲೆಯ ನಲ್ಲಿ ಪಕ್ಕದಲ್ಲಿ, ಫ್ಲೋರೈಡ್ ಎಷ್ಟಿದೆ, ಯಾವತ್ತು ಅಳೆದದ್ದು ಅಂತ ಬರೆದ ಬೋರ್ಡು ಇರಬೇಕು. ಶಾಲೆಯ ತಾರಸಿ ಮೇಲೆ ಬೀಳುವ ಮಳೆನೀರು ಸೂರ್ಯನೇ ಬಟ್ಟಿ ಇಳಿಸಿದ್ದು, ಅದರಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಮ್ಮಿ. ಅದನ್ನು ಶುಚಿಯಾಗಿ ಹಿಡಿದಿಡೋಕೆ ಒಂದು ತೊಟ್ಟಿ ಬೇಕು. ಆ ತೊಟ್ಟಿಯ ನೀರನ್ನ ಬೇಕಾದರೆ ಕುದಿಸಿ, ಸೋಸಿ ಕುಡೀರಿ. ಉಪದೇಶ ಅಲ್ಲಿಗೆ ಸರಿಹೋಗುತ್ತೆ.