ಕರೆಂಟ್ ನಂಬಿ ಮೀನು ಬಿಡಬೇಡಿ

ದೀಪಾವಳಿ ಮುಗಿಯಿತು, ಚಳಿ ಶುರುವಾಯಿತು. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ರಾಜ್ಯದ ಎಷ್ಟೋ ಹೊಲಗಳಲ್ಲಿ ಹೊಂಡಗಳಾದವು. ಹಿತ್ತಲಲ್ಲೇ ಸಣ್ಣ ಹೊಂಡ ತೋಡಿ ಕಾಟ್ಲಾ, ರೋಹು, ಮೃಗಾಲ್ ಮರಿ ಬಿಟ್ಟವರು ನಮ್ಮೂರಲ್ಲೂ ಇದ್ದಾರೆ. ಈಗ ಅವರ ಬಾಯಲ್ಲಿ ಒಂದೇ ಮಾತು, "ನೀರಿಗೆ ಗಾಳಿ ಕೊಡೋ ಮೋಟಾರ್ ತರೋಣ" ಅಂತ. ಮೋಟಾರ್ ಬೇಡ ಅಂತ ನಾನು ಹೇಳುವುದಿಲ್ಲ. ಕರೆಂಟ್ ಇಲ್ಲದಿದ್ದರೂ ಮೀನು ಬದುಕುವ ಹಾಗೆ ಮೊದಲು ಹೊಂಡ ಸಿದ್ಧವಾಗಲಿ, ಮೋಟಾರ್ ಆಮೇಲೆ ಬರಲಿ ಎಂಬುದು ನನ್ನ ಅಭಿಪ್ರಾಯ.

ಯಾಕೆ ಅಂತೀರಾ? ಮೀನಿಗೂ ಆಮ್ಲಜನಕ ಬೇಕು. ಹಗಲು ನೀರಿನ ಪಾಚಿ ಬಿಸಿಲಿನಲ್ಲಿ ದ್ಯುತಿಸಂಶ್ಲೇಷಣೆ ಮಾಡಿ ಆಮ್ಲಜನಕ ಬಿಡುತ್ತದೆ. ರಾತ್ರಿ ಪಾಚಿ, ಮೀನು, ತಳದ ಕೆಸರು ಎಲ್ಲ ಸೇರಿ ಅದನ್ನೇ ಖರ್ಚು ಮಾಡುತ್ತವೆ. ಹೀಗಾಗಿ ಬೆಳಗಿನ ಜಾವ ಅದು ತೀರಾ ಕಡಿಮೆ.

ತಣ್ಣೀರಿನಲ್ಲಿ ಆಮ್ಲಜನಕ ಹೆಚ್ಚು ಕರಗುತ್ತದೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದರೆ, 30 ಡಿಗ್ರಿಯ ನೀರು ಏಳೂವರೆ ಹಿಡಿಯುತ್ತದೆ. "ಹಾಗಾದ್ರೆ ಚಳಿಗಾಲ ಒಳ್ಳೇದೇ ಅಲ್ವಾ?" ಅಂತ ಕೇಳಬಹುದು. ಕೊಡ ದೊಡ್ಡದಿದ್ದರೆ ಸಾಕೇ, ತುಂಬುವವರು ಬೇಡವೇ? ನವೆಂಬರ್, ಡಿಸೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ನಮ್ಮಲ್ಲೂ ಎರಡು ಮೂರು ದಿನ ಮೋಡ ಕವಿಯುತ್ತದೆ. ಬಿಸಿಲಿಲ್ಲದೆ ಪಾಚಿ ಕೆಲಸ ಮಾಡುವುದಿಲ್ಲ. ಅದೇ ಗಾಳಿ ಮಳೆಗೆ ಕರೆಂಟೂ ಹೋಗುತ್ತದೆ. ಮೋಟಾರ್ ಅತಿ ಹೆಚ್ಚು ಬೇಕಾದ ರಾತ್ರಿಯೇ ಅದು ನಿಂತಿರುತ್ತದೆ! ಆಗ ಲೈನ್‌ಮ್ಯಾನ್‌ನ ಬೈದರೆ ಮೀನು ಬದುಕುವುದಿಲ್ಲ.

ಹಾಗಾದರೆ ಏನು ಮಾಡಬೇಕು?

ಮೊದಲನೆಯದು, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಮೋಟಾರ್ ಇಲ್ಲದ ಹೊಂಡಕ್ಕೆ ಹೆಕ್ಟೇರಿಗೆ 5000 ಮರಿ ಎಂಬುದು ಸಾಮಾನ್ಯ ಲೆಕ್ಕ. ಅಂದರೆ ಒಂದು ಗುಂಟೆಗೆ 50. ಇನ್ನೂರು ಬಿಟ್ಟವರು ಮಾರುವಷ್ಟು ಬೆಳೆದ ಮೀನನ್ನು ಚಳಿ ಜೋರಾಗುವ ಮುಂಚೆಯೇ ಹಿಡಿದು ಮಾರಲಿ. "ಮೀನು ಕಡಿಮೆಯಾದ್ರೆ ದುಡ್ಡೂ ಕಡಿಮೆ" ಅಂತಾರೆ. ಸತ್ತು ತೇಲಿದ ಮೀನಿಗೆ ಯಾರು ದುಡ್ಡು ಕೊಡುತ್ತಾರೆ? ಎಷ್ಟೋ ಮನೆಗಳಲ್ಲಿ ಆ ದುಡ್ಡಿನಿಂದಲೇ ನಮ್ಮ ಪುಸ್ತಕ, ಬಟ್ಟೆ ಬರಬೇಕು.

ಎರಡನೆಯದು, ಮೇವು. ನೀರು ತಣ್ಣಗಾದರೆ ಈ ಮೀನುಗಳ ಹಸಿವೆ ಕಡಿಮೆಯಾಗುತ್ತದೆ. ಅಕ್ಕಿ ತೌಡು, ಕಡಲೆಕಾಯಿ ಹಿಂಡಿಯನ್ನು ಅರ್ಧಕ್ಕೆ ಇಳಿಸಿ, ಬಿಸಿಲೇರಿದ ಮೇಲೆ ಹಾಕಬೇಕು. ಮೋಡದ ದಿನ ಮೇವೂ ಬೇಡ, ಸಗಣಿಯೂ ಬೇಡ. ತಿನ್ನದೆ ಉಳಿದದ್ದು ಕೊಳೆತು, ಇರುವ ಆಮ್ಲಜನಕವನ್ನೂ ನುಂಗುತ್ತದೆ.

ಮೂರನೆಯದು, ಹೊಂಡದ ಸ್ವಚ್ಛತೆ. ಉದುರಿದ ಎಲೆ ತೆಗೆಯಬೇಕು, ನೀರಿನ ಮೇಲೆ ಹರಡಿದ ಕಳೆ ಎಳೆದು ಹಾಕಬೇಕು. ನೀರು ಐದಾರು ಅಡಿ ಇದ್ದರೆ ರಾತ್ರಿಯ ಚಳಿ ತಳಕ್ಕೆ ಬೇಗ ಇಳಿಯುವುದಿಲ್ಲ. ಚಳಿಗಾಲದಲ್ಲೇ ಮೀನಿನ ಮೈಮೇಲೆ ಹುಣ್ಣಾಗುವ ರೋಗ ಹೆಚ್ಚು. 1988ರಲ್ಲಿ ಅದು ನಮ್ಮ ದೇಶಕ್ಕೆ ಕಾಲಿಟ್ಟಿತು. ಅದನ್ನು ತಡೆಯಲು ಗುಂಟೆಗೆ ಎರಡು ಎರಡೂವರೆ ಕಿಲೋ ಸುಣ್ಣ ಹಾಕುವುದು ವಾಡಿಕೆ. ಸುಣ್ಣದ ಕಲ್ಲಾದರೆ ದೊಡ್ಡವರೇ ಅರಳಿಸಿ, ಪೂರ್ತಿ ಆರಿದ ಮೇಲೆ ನೀರಲ್ಲಿ ಕದಡಿ ಚೆಲ್ಲಲಿ. ಮಕ್ಕಳು ಅದನ್ನು ಮುಟ್ಟಬಾರದು.

ನಾಲ್ಕನೆಯದು, ಬೆಳಗಿನ ಜಾವದ ಕಾವಲು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಉಸಿರು ಕಟ್ಟಿದೆ ಎಂದರ್ಥ. ಆಗ ಹೊಂಡದ ನೀರನ್ನೇ ಬಿಂದಿಗೆಯಲ್ಲಿ ಎತ್ತಿ ಎತ್ತರದಿಂದ ಸುರಿಯಬೇಕು, ಗಳುವಿನಿಂದ ನೀರು ಬಡಿಯಬೇಕು. ತೊಟ್ಟಿಯಲ್ಲಿ ಬೋರಿನ ನೀರು ತುಂಬಿಟ್ಟಿದ್ದರೆ ಅದನ್ನೂ ಚಿಮ್ಮುವ ಹಾಗೆ ಬಿಡಬಹುದು. ಬೋರಿನ ನೀರಲ್ಲಿ ಆಮ್ಲಜನಕ ಕಡಿಮೆ, ಗಾಳಿಗೆ ಚಿಮ್ಮಿದರೇ ಅದಕ್ಕೆ ಸೇರುವುದು. ಬಿಸಿಲು ಬರುವ ತನಕ ಬಿಡದೆ ಮಾಡಬೇಕು. ಒಬ್ಬರಿಂದ ಆಗದು, ಅಕ್ಕಪಕ್ಕದ ಮನೆಯವರು ಸರದಿ ಹಾಕಿಕೊಳ್ಳಲಿ.

ಒಂದು ಮಾತು ಮರೆಯಬೇಡಿ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದ ದಡ ಜಾರುತ್ತದೆ, ಬಿದ್ದರೆ ಹತ್ತಲು ಆಗುವುದಿಲ್ಲ. ಕತ್ತಲಲ್ಲಿ ಮಕ್ಕಳು ಒಬ್ಬರೇ ಹೋಗಲೇಬಾರದು. ದೊಡ್ಡವರ ಜೊತೆ ಹೋಗಿ, ದಡದ ಗೂಟಕ್ಕೆ ಹಗ್ಗ ಕಟ್ಟಿಸಿ, ಸುತ್ತ ಬೇಲಿ ಹಾಕಿಸಿ. ಮೀನು ಹೋದರೆ ಮುಂದಿನ ವರ್ಷ ಬಿಡಬಹುದು, ಜೀವ ಹೋದರೆ ಬಾರದು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಏನು ಫಲ? ಈ ಭಾನುವಾರವೇ ನಿಮ್ಮ ಮನೆಯ ಹೊಂಡ ಎಷ್ಟು ಗುಂಟೆ, ಮೀನು ಎಷ್ಟು ಎಂದು ಅಪ್ಪನ ಹತ್ತಿರ ಕೇಳಿ ಲೆಕ್ಕ ಹಾಕಿ. ಲೆಕ್ಕ ತಪ್ಪಿದ್ದರೆ ಈಗಲೇ ಹೇಳಿ. ವಿಜ್ಞಾನದ ಗುರುಗಳು ಒಂದು ದಿನ ನಮ್ಮನ್ನೆಲ್ಲ ಹೊಂಡದ ಹತ್ತಿರವೇ ಕರೆದುಕೊಂಡು ಹೋಗಿ ಪಾಠ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ.

— 9ನೇ ತರಗತಿಯ ವಿದ್ಯಾರ್ಥಿನಿ